ಹತ್ತು ಗಂಟೆಯ ಲೆಕ್ಕ, ಒಂದು ಗಂಟೆಯ ಉತ್ತರ

ನಲವತ್ತೆರಡರಲ್ಲಿ ಹದಿನೇಳು ಕಳೆದರೆ ಎಷ್ಟು?

ಹೋದ ಬುಧವಾರ ನಾನು ಕೃಷ್ಣರಾಜಪುರದ ಸರಕಾರಿ ಶಾಲೆಯ ಬೋರ್ಡಿನ ಮೇಲೆ ಮೂವತ್ತೈದು ಎಂದು ಬರೆದೆ. ನಾಲ್ಕನೇ ತರಗತಿಯ ಅಷ್ಟೂ ಮಕ್ಕಳು ಅದನ್ನು ತಮ್ಮ ಪುಸ್ತಕದಲ್ಲಿ ನೀಟಾಗಿ ಇಳಿಸಿಕೊಂಡರು. ಒಬ್ಬರೂ ತಕರಾರು ಮಾಡಲಿಲ್ಲ.

(ನಾನು ಮೂವತ್ತೊಂದು ವರ್ಷ ಲೆಕ್ಕದ ಟೀಚರ್ ಆಗಿದ್ದವಳು. ನಗಬೇಡಿ.)

ನಿವೃತ್ತಿಯಾದ ಮೇಲೆ ವಾರಕ್ಕೆ ಮೂರು ದಿನ ಈ ಶಾಲೆಗೆ ಹೋಗಿ ಪುಕ್ಕಟೆ ಲೆಕ್ಕ ಹೇಳಿಕೊಡುತ್ತೇನೆ. ಐದಕ್ಕೆ ಏಳುವುದು, ಏಳಕ್ಕೆ ತಿಂಡಿ, ಎಂಟೂವರೆಗೆ ಬಾಣಸವಾಡಿಯ ಸ್ಟಾಪಿನಲ್ಲಿ ಹಾಜರ್. ಹೋದ ಮೊದಲ ದಿನವೇ ಶಾಲೆಯ ಟೈಮ್‌ಟೇಬಲ್ ನೋಡಿ ತಿದ್ದಿಸಿದ್ದೆ. ಲೆಕ್ಕ ಮೊದಲನೇ ಪೀರಿಯಡ್, ಹತ್ತು ಗಂಟೆಗೆ. ಬೆಳಿಗ್ಗೆ ಮಕ್ಕಳ ತಲೆ ಫ್ರೆಶ್ ಆಗಿರುತ್ತದೆ, ಮಧ್ಯಾಹ್ನ ಹೊಟ್ಟೆ ತುಂಬಿದರೆ ತೂಕಡಿಸುತ್ತಾರೆ ಎಂದು ಹೆಡ್‌ಮಾಸ್ಟರಿಗೆ ಪುಟ್ಟ ಭಾಷಣವನ್ನೂ ಮಾಡಿದ್ದೆ.

ಆ ಬುಧವಾರ ನನ್ನ ರೊಟೀನ್ ತಪ್ಪಿತು. ಪುಲಿಕೇಶಿನಗರದ ಲ್ಯಾಬಿನಲ್ಲಿ ರಕ್ತಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು. ಅಲ್ಲಿ ಕ್ಯೂ, ಆಮೇಲೆ ಓಲ್ಡ್ ಮದ್ರಾಸ್ ರೋಡಿನಲ್ಲಿ ಟ್ರಾಫಿಕ್. ತಿಂಡಿಗೆ ನಿಂತರೆ ಕ್ಲಾಸಿಗೆ ಲೇಟು. ಲೇಟಾಗಿ ಹೋಗುವ ಅಭ್ಯಾಸ ನನಗಿಲ್ಲ. ಹಾಗೇ ಹೋದೆ.

ಹತ್ತೂಕಾಲರ ಹೊತ್ತಿಗೆ ಬೋರ್ಡಿನ ಮೇಲಿನ ಅಂಕಿಗಳು ನೀರಿನಲ್ಲಿ ಬಿದ್ದಂತೆ ಕಾಣತೊಡಗಿದವು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದಿಂದ ಹತ್ತು ತಂದುಕೊಂಡೆ. ತಂದುಕೊಂಡದ್ದು ಮರೆತೇ ಹೋಯಿತು. ಪಕ್ಕದ ನಾಲ್ಕು ನಾಲ್ಕಾಗಿಯೇ ಉಳಿಯಿತು. ಮೂವತ್ತೈದು.

ಇದೇ ತಪ್ಪಿಗಾಗಿ ಸೋಮವಾರ ನಾನು ಶರಣಮ್ಮನಿಂದ ಹತ್ತು ಸಲ ಬರೆಸಿದ್ದೆ. ಶರಣಮ್ಮ ರಾಯಚೂರು ಕಡೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಾರೆ, ರೈಲ್ವೆ ಸ್ಟೇಷನ್ ಹಿಂದೆ ಬಾಡಿಗೆಯ ಒಂಟಿ ರೂಮು. ತರಗತಿಯಲ್ಲಿ ಕಿಟಕಿಯ ಕಡೆ ನೋಡುತ್ತಾ ಕೂತಿರುತ್ತಾಳೆ. ಹನ್ನೊಂದಕ್ಕೆ ಹೊಟ್ಟೆನೋವು ಅನ್ನುತ್ತಾಳೆ. ಹಿಂದಿನ ವಾರ ಅವಳ ತಾಯಿ ಸಿಕ್ಕಾಗ ನಾನು ಮುಖಕ್ಕೆ ಹೇಳಿಬಿಟ್ಟಿದ್ದೆ, ಈ ಹುಡುಗಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು. ಹಾಗಿದ್ದರೆ ಶಾಲೆ ಬಿಡಿಸಿ ಕೆಲಸಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ತಾಯಿ ತೀರ್ಮಾನಿಸಿದ್ದರು. ಹೆಸರು ತೆಗೆಸಲು ಬರುತ್ತೇನೆಂದದ್ದು ಅದೇ ಬುಧವಾರ ಮಧ್ಯಾಹ್ನ.

ಹನ್ನೆರಡೂವರೆಗೆ ಊಟದ ಬೆಲ್ ಆಯಿತು. ಬಿಸಿಯೂಟದ ಅಡುಗೆ ಮಾಡುವ ಮುನಿಯಮ್ಮ ನನ್ನನ್ನು ನೋಡಿದರು.

"ಏನ್ ಮೇಡಂ, ಮುಖ ಹಿಂಗೈತೆ? ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?"

"ಬ್ಲಡ್ ಟೆಸ್ಟ್ ಇತ್ತು. ಒಂದು ತಟ್ಟೆ ಕೊಡಿ."

"ಕೊಡ್ತೀನಿ. ತಟ್ಟೆ ತೊಳ್ಕೊಂಡು ಲೈನಲ್ಲಿ ಬನ್ನಿ. ನೀವೇ ಮಾಡಿರೋ ರೂಲು."

ಲೈನಿನಲ್ಲೇ ಬಂದೆ. ಮಕ್ಕಳ ಜೊತೆ ನೆಲದ ಮೇಲೆ ಕೂತು ಅನ್ನ, ಬೇಳೆ ಸಾರು ಉಂಡೆ. ಇವರೆಲ್ಲ ಊಟಕ್ಕೋಸ್ಕರ ಸ್ಕೂಲಿಗೆ ಬರುತ್ತಾರೆ ಎಂದು ಎಷ್ಟು ಜನ ಎಷ್ಟು ಸಲ ಹೇಳಿದ್ದು ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಆ ದಿನ ಎರಡನೇ ಸಲ ಸಾರು ಹಾಕಿಸಿಕೊಳ್ಳುವಾಗ ಆ ಮಾತು ನೆನಪಾಗಿ ತಲೆ ತಗ್ಗಿಸಿಕೊಂಡೇ ಉಂಡೆ.

ಊಟವಾಗಿ ಬ್ಯಾಗು ತೆಗೆದುಕೊಳ್ಳಲು ಕ್ಲಾಸಿಗೆ ಬಂದರೆ ಶರಣಮ್ಮ ಬೋರ್ಡಿನ ಮುಂದೆ ನಿಂತಿದ್ದಳು.

"ಟೀಚರ್, ಅಲ್ಲಿ ತಪ್ಪೈತ್ರಿ."

"ಎಲ್ಲಿ?"

"ನಾಕರಾಗ ಒಂದು ಕೊಟ್ಟ ಮ್ಯಾಲೆ ಮೂರೇ ಉಳೀತದಲ್ರಿ? ಇಪ್ಪತ್ತೈದು ಆಗ್ಬೇಕು. ಮುಂಜಾನಿ ನಂಗೂ ಕಾಣ್ಲಿಲ್ಲ."

ಮುಂಜಾನೆ ಅವಳಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಇಬ್ಬರಿಗೂ ಕಂಡಿತು. ನಡುವೆ ಆದದ್ದೇನು? ಒಂದು ತಟ್ಟೆ ಅನ್ನ ಸಾರು.

"ಹಂಗಾದ್ರೆ ನೀವೂ ಹತ್ತು ಸಲ ಬರೀಬೇಕು ಟೀಚರ್," ಎಂದಿತು ಬಾಗಿಲ ಹತ್ತಿರ ಇನ್ನೊಂದು ಮಗುವಿನ ಧ್ವನಿ. ಅದೂ ನನ್ನದೇ ರೂಲು. ಸೀಮೆಸುಣ್ಣ ತೆಗೆದುಕೊಂಡು ಬರೆಯತೊಡಗಿದೆ. ಏಳನೇ ಸಲ ಬರೆಯುತ್ತಿದ್ದಾಗ ಶರಣಮ್ಮನ ತಾಯಿ ಬಂದರು.

"ಹೆಸರು ತೆಗಸಾಕ ಬಂದೀನ್ರಿ ಅಕ್ಕೋರೆ. ನೀವು ಹೇಳಿದ್ದು ಖರೆ ಐತಿ. ಇಕಿಗೆ ಓದು ಹತ್ತಂಗಿಲ್ಲ."

"ನಾನು ಹೇಳಿದ್ದು ತಪ್ಪು," ಎಂದೆ. "ನಿಮ್ಮ ಮಗಳು ಈಗ ತಾನೇ ನನ್ನ ಲೆಕ್ಕ ತಿದ್ದಿದಳು. ಬೆಳಿಗ್ಗೆ ಏನು ತಿನ್ನುತ್ತಾಳೆ?"

"ಚಾ ಕುಡಿತಾಳ್ರಿ."

"ಚಹಾ ಮಾತ್ರವಾ?"

"ರೊಟ್ಟಿ ಬಡಿಯಾಕ ಹೊತ್ತೆಲ್ಲೈತ್ರಿ? ಐದಕ್ಕ ಎದ್ದು ನೀರಿಗೆ ನಿಲ್ಲಬೇಕು, ಆರೂವರಿಗೆ ಕೆಲ್ಸಕ್ಕ ಓಡಬೇಕು. ಮಧ್ಯಾನ ಸಾಲ್ಯಾಗ ಉಣ್ತಾಳಲ್ಲ ಅಂತ ಧೈರ್ಯ."

ನಾನೂ ಐದಕ್ಕೇ ಏಳುತ್ತೇನೆ. ನನ್ನ ಶಿಸ್ತಿನ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿಲ್ಲ? ಈ ತಾಯಿಯ ಟೈಮ್‌ಟೇಬಲ್ ನನ್ನದಕ್ಕಿಂತ ಕಟ್ಟುನಿಟ್ಟು. ಅದರಲ್ಲಿ ಏಳು ಗಂಟೆಯ ತಿಂಡಿ ಮಾತ್ರ ಇಲ್ಲ.

ಇಂದಿರಾನಗರದಲ್ಲಿರುವ ನನ್ನ ತಂಗಿ ಮೊಮ್ಮಗನ ನೆನಪಿನ ಶಕ್ತಿಗೆಂದು ಟಾನಿಕ್ ಕುಡಿಸುತ್ತಾಳೆ, ಎರಡು ದೋಸೆ ತಿನ್ನಿಸಿದ ಮೇಲೆ. ಅವನು ಲೆಕ್ಕ ತಪ್ಪಿದರೆ ಕಾನ್ಸಂಟ್ರೇಷನ್ ಕಡಿಮೆ ಅನ್ನುತ್ತೇವೆ. ಶರಣಮ್ಮ ತಪ್ಪಿದರೆ ದಡ್ಡಿ ಅನ್ನುತ್ತೇವೆ. ಒಂದೇ ಒಂದು ತಿಂಡಿ ತಪ್ಪಿದ್ದಕ್ಕೆ ಮೂವತ್ತೊಂದು ವರ್ಷದ ಅನುಭವ ಕೈಕೊಟ್ಟಿತು. ಆ ಮಗು ವಾರಕ್ಕೆ ಆರು ದಿನ ಅದೇ ಸ್ಥಿತಿಯಲ್ಲಿ ಶಾಲೆಗೆ ಬರುತ್ತಿತ್ತು, ಅದರಲ್ಲಿ ಮೂರು ದಿನ ನನ್ನ ಮುಂದೆಯೇ ಕೂತಿತ್ತು.

ತಾಯಿಯನ್ನು ಅಲ್ಲೇ ಕೂರಿಸಿ ಮಗಳ ಕೈಗೆ ಸೀಮೆಸುಣ್ಣ ಕೊಟ್ಟೆ. ಐದು ಲೆಕ್ಕ ಕೊಟ್ಟೆ, ನಾಲ್ಕು ಸರಿಯಾಯಿತು. ತಾಯಿಗೆ ಓದು ಬಾರದು. ಆದರೆ ನಾನು ಹಾಕಿದ ರೈಟ್ ಮಾರ್ಕುಗಳನ್ನು ಬೆರಳಿಟ್ಟು ಎಣಿಸಿದರು. "ಒಂದು ಪರೀಕ್ಷಿ ತನಕ ನೋಡ್ತೀನ್ರಿ ಅಕ್ಕೋರೆ," ಎಂದು ಹೇಳಿ ಹೋದರು. ಹೆಸರು ಉಳಿಯಿತು.

ಸೀದಾ ಹೆಡ್‌ಮಾಸ್ಟರ ರೂಮಿಗೆ ನಡೆದೆ. ಲೆಕ್ಕವನ್ನು ಊಟದ ನಂತರಕ್ಕೆ ಹಾಕಿ, ಬೆಳಿಗ್ಗೆ ಹಾಡು, ಕಥೆ, ಚಿತ್ರ ಇಡಿ ಎಂದೆ. ಅವರಿಗೆ ನಗು.

"ಊಟ ಆದ್ಮೇಲೆ ನಿದ್ದೆ ಹೊಡೀತಾರೆ ಅಂತ ನೀವೇ ಅಲ್ವಾ ಮೇಡಂ ಹೇಳಿದ್ದು?"

"ಹೇಳಿದ್ದೆ ಸಾರ್. ಇಡ್ಲಿ ತಿಂದು ಬಂದು ಹೇಳಿದ್ದೆ."

ಟೈಮ್‌ಟೇಬಲ್ ಬದಲಾಯಿತು. ಮಾರನೇ ದಿನದಿಂದ ನನ್ನ ಕ್ಲಾಸು ಒಂದೂವರೆಗೆ. ತೂಕಡಿಸುವವರು ಇಲ್ಲವೆಂದಲ್ಲ, ಇಬ್ಬರಿದ್ದಾರೆ. ಎಬ್ಬಿಸುತ್ತೇನೆ. ನಿದ್ದೆ ಬಂದ ಮಗುವನ್ನು ಎಬ್ಬಿಸಿ ಕೂರಿಸಬಹುದು, ಹಸಿದ ಮಗುವನ್ನು ಗದರಿಸಿ ಏನು ಮಾಡುವುದು? ಹನ್ನೊಂದು ಗಂಟೆಯ ಹಸಿವು ಇನ್ನೂ ಅಲ್ಲೇ ಇದೆ, ಬಲ್ಲೆ. ಶಾಲೆಯಲ್ಲಿ ಕೊಡುವ ಒಂದು ಲೋಟ ಹಾಲು ಸಾಲದು, ಬೆಳಿಗ್ಗೆ ಹತ್ತಕ್ಕೆ ಈ ಮಕ್ಕಳ ಹೊಟ್ಟೆಗೆ ಒಂದಿಷ್ಟು ತಿಂಡಿ ಬೀಳಲೇಬೇಕು. ಅದಕ್ಕಾಗಿ ಬರೆಯಬೇಕಾದ ಅರ್ಜಿ ಬರೆದಿದ್ದೇನೆ. ಉತ್ತರ ಬರುವವರೆಗೆ ಬರೆಯುತ್ತಿರುತ್ತೇನೆ.

ಈ ಸೋಮವಾರ ಲೆಕ್ಕ ಮುಗಿಸಿ ಹೊರಟಾಗ ಶರಣಮ್ಮ ಗೇಟಿನವರೆಗೂ ಬಂದಳು.

"ಟೀಚರ್, ಪರೀಕ್ಷಿನೂ ಊಟ ಆದ್ಮ್ಯಾಲೇ ಇಡ್ತಾರೇನ್ರಿ?"

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಆ ವೇಳೆಯನ್ನು ಗೊತ್ತು ಮಾಡಿದವರು ಅವತ್ತು ಏನು ತಿಂದು ಬಂದಿದ್ದರು?