ಗಾಜಿನೊಳಗಿನ ಗೆರೆ

ಆ ಗೆರೆ ಕೊಳೆಯದೇ ತಾನೆ?

ಬೆಳಿಗ್ಗೆ ಮಧುಗಿರಿಯಲ್ಲಿ ಪಾವಗಡದ ಬಸ್ ಹತ್ತಿ ಕಿಟಕಿ ಪಕ್ಕ ಕೂತ ಮೇಲೂ ಜ್ಯೋತಿಲಕ್ಷ್ಮಿಯನ್ನು ಇದೊಂದೇ ಕೊರೆಯುತ್ತಿತ್ತು. ಚಿಂತೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗ್ಯಾಸ್ ಆರಿಸಿದೆನೇ, ಒಂದೂವರೆ ವರ್ಷದ ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡರೇನು ಗತಿ, ಅತ್ತೆ ಹಾಲು ಕಾಯಿಸುತ್ತಾರೋ ತಣ್ಣಗಿನದನ್ನೇ ಕುಡಿಸುತ್ತಾರೋ, ಹೀಗೆ ದಿನಕ್ಕೆ ಹತ್ತು. ಅವೆಲ್ಲ ಮಿಡಿಗೇಶಿ ಬರುವಷ್ಟರಲ್ಲಿ ತಣ್ಣಗಾಗುತ್ತಿದ್ದವು. ಇದು ಮಾತ್ರ ನಿನ್ನೆ ಸಂಜೆಯಿಂದ ಜಗ್ಗಿಲ್ಲ.

ತುಮಕೂರಿನಲ್ಲಿ ಓದಿ ಮಧುಗಿರಿಗೆ ಸೊಸೆಯಾಗಿ ಬಂದವಳು. ಬಲಸಮುದ್ರದ ಕಡೆ ಸೋಲಾರ್ ಪ್ಯಾನೆಲ್ ತೊಳೆಸುವ ಗುತ್ತಿಗೆದಾರ ಜಯಕುಮಾರನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಬಸ್ಸಿನಲ್ಲಿ ಕಳೆಯುವ ಹೊತ್ತು ದಂಡವಾಗುತ್ತದಲ್ಲ ಎಂದು ಫೋನಿನಲ್ಲೇ ಎಐ ಪಾಠ ಶುರುಮಾಡಿದ್ದಳು. ಯಂತ್ರಕ್ಕೆ ತಾನಾಗಿ ಏನೂ ತಿಳಿಯದು, ರಾಶಿ ಚಿತ್ರ ತೋರಿಸಿ ಒಂದೊಂದರ ಹೆಸರನ್ನೂ ನಾವೇ ಹೇಳಿಕೊಡಬೇಕು, ನಾವು ತಪ್ಪಿದರೆ ಅದೂ ತಪ್ಪುತ್ತದೆ ಎಂದಿತ್ತು ಮೂರನೇ ಪಾಠ. ಸುದ್ದಿ ಕಿವಿಗೆ ಬಿದ್ದದ್ದೇ ಜಯಕುಮಾರ್, "ಹಂಗಾದ್ರೆ ನೀವೇ ಹೇಳ್ಕೊಡ್ರಿ" ಎಂದು ಡ್ರೋನ್ ತೆಗೆದ ಪ್ಯಾನೆಲ್ ಫೋಟೊಗಳನ್ನು ಅವಳ ಫೋನಿಗೆ ತುಂಬಿಬಿಟ್ಟ. ಪ್ರತಿಯೊಂದಕ್ಕೂ 'ಕೊಳೆ' ಅಥವಾ 'ಚೊಕ್ಕ' ಎಂದು ಒತ್ತಬೇಕು. ಕೊಳೆ ಎಂದದ್ದು ಮರುದಿನ ತೊಳೆಯುವವರ ಪಟ್ಟಿಗೆ ಹೋಗುತ್ತದೆ. ನಿನ್ನೆ ವಾಪಸ್ ಬರುವಾಗ ಇನ್ನೂರು ಫೋಟೊ ಮುಗಿಸಿ ಕಳಿಸಿದ್ದಳು. ಕೆಲವುಗಳಲ್ಲಿ ಸಣ್ಣ ಬೂದುಗೆರೆಗಳಿದ್ದವು. ಕೊಳೆ ಎಂದು ಒತ್ತಿದಳು. ಒತ್ತಿದ ಮೇಲೆ ಅನುಮಾನ ಹಿಡಿಯಿತು.

ಮಿಡಿಗೇಶಿಯಲ್ಲಿ ಮಂಜಮ್ಮ ಹತ್ತಿದಳು. ಆರು ವರ್ಷದಿಂದ ಜಯಕುಮಾರನ ಬಳಿ ಪ್ಯಾನೆಲ್ ತೊಳೆಯುವವಳು. ಖಾಲಿ ಇದ್ದದ್ದು ಜ್ಯೋತಿಯ ಪಕ್ಕದ ಸೀಟೊಂದೇ. ಅದು ಇಬ್ಬರಿಗೂ ಬೇಡವಾಗಿತ್ತು.

"ಬ್ಯಾಗಿಗೂ ಟಿಕೆಟ್ ತಗಂಡಿದೀರಾ ಮೇಡಮ್ಮ?"

ಜ್ಯೋತಿ ಬ್ಯಾಗನ್ನು ತೊಡೆಗೆಳೆದುಕೊಂಡು ಮುಖ ಕಿಟಕಿಗೆ ತಿರುಗಿಸಿದಳು.

"ಇವತ್ತೂ ಪಾಠ ಐತಾ? ನಮ್ಮನ್ನ ಮನೆಗೆ ಕಳ್ಸೋದು ಹೆಂಗೆ ಅಂತ ತಾನೆ ಅದ್ರಾಗೆ ಹೇಳ್ಕೊಡೋದು?"

"ನಿಮ್ಮ ವಿಷಯ ಏನೂ ಇಲ್ಲ ಇದರಲ್ಲಿ."

"ಇಲ್ದೇ ಏನು? ಮೊದ್ಲು ಯಾವ ಪ್ಲೇಟು ತೊಳೀಬೇಕು ಅಂತ ನಾವೇ ನೋಡಿ ಹೇಳ್ತಿದ್ವಿ. ಈಗ ನೀನು ಕುಂತ ಕಡೇನೇ ಬೆಟ್ಟು ಒತ್ತೀಯ. ಕಣ್ಣು ನಿಂದು, ಸೊಂಟ ನಮ್ದು."

"ಓದಿದ್ದೀನಿ, ಅದಕ್ಕೆ ನನಗೆ ಕೊಟ್ಟಿದ್ದಾರೆ. ನಿಮಗೆ ಹೊಟ್ಟೆಕಿಚ್ಚಾದ್ರೆ ನಾನೇನ್ ಮಾಡ್ಲಿ?"

"ಹೊಟ್ಟೆಕಿಚ್ಚಾ! ಒಂದಿನ ಬಿಸ್ಲಾಗೆ ಬಾರಮ್ಮ, ಓದಿದ್ದೆಲ್ಲ ಕರಗೋಗ್ತದೆ."

ಮುಂದಿನ ಸೀಟಿನವರು ಕಿಸಕ್ಕೆಂದರು. ಜ್ಯೋತಿಗೆ ಉರಿದುಹೋಯಿತು. ಇವಳ ಬಾಯೂ ಮುಚ್ಚಲಿ, ತನ್ನ ಅನುಮಾನವೂ ತೀರಲಿ ಎಂದು ಬೂದುಗೆರೆಯ ಫೋಟೊ ತೆರೆದು ಫೋನನ್ನು ಮಂಜಮ್ಮನ ಮೂಗಿಗೇ ಹಿಡಿದಳು. "ಅಷ್ಟು ಗೊತ್ತಿದ್ರೆ ಹೇಳಿ. ಇದು ಕೊಳೆಯೋ, ಅಲ್ವೋ?"

ಮಂಜಮ್ಮ ಫೋನನ್ನು ದೂರ ಹಿಡಿದಳು, ಹತ್ತಿರ ತಂದಳು. ಮುಖದ ಕುಹಕ ಇಳಿಯಿತು.

"ಕೊಳೆ ಅಲ್ಲ ಇದು. ಕೊಳೆಯಾಗಿದ್ರೆ ಕೆಳಗಡೆ ಅಂಚಿಗಿಳ್ದು ನಿಂತ್ಕಂತದೆ. ಇದು ಬಸವನಹುಳ ಹರ್ದಂಗೆ ನಡುಮಧ್ಯೆ ಐತೆ, ಗಾಜಿನ ಒಳಗೆ. ಪ್ಲೇಟು ಸೀಳು ಬುಟ್ಟೈತೆ. ಇಂಥದ್ಕೆ ನೀರು ಹಾಕಂಗಿಲ್ಲ, ಕರೆಂಟ್ ಹೊಡೀತದೆ. ನೀನು ಏನಂತ ಒತ್ತಿದೀಯ?"

ಜ್ಯೋತಿ ಫೋನನ್ನು ವಾಪಸ್ ಕಿತ್ತುಕೊಂಡಳು.

"ಕೊಳೆ ಅಂತಾನಾ? ಅಯ್ಯೋ ದ್ಯಾವುಡಾ! ನಮ್ ಸೊಸೆ ಇವತ್ತು ವಳ್ಳೂರಿನೋರ ಜೊತೆ ಮೊದಲನೇ ಪಾಳಿ ತೊಳಿಯಾಕೆ ಹೋಗವ್ಳೆ. ಏಳಕ್ಕೆ ನೀರು ಬುಡ್ತಾರೆ!"

ಏಳಕ್ಕೆ ಹತ್ತು ನಿಮಿಷವಿತ್ತು. ಮಂಜಮ್ಮ ತನ್ನ ಫೋನಿನಿಂದ ಸೊಸೆಗೆ ಮಾಡಿದಳು. ಒಳಗೆ ಹೋಗುವವರ ಫೋನುಗಳನ್ನೆಲ್ಲ ಗೇಟಿನಲ್ಲಿ ಇಸಿದುಕೊಳ್ಳುತ್ತಾರೆ, ಸುಮ್ಮನೆ ರಿಂಗಾಯಿತು. ಮೇಸ್ತ್ರಿಗೆ ಮಾಡಿದರೆ ಅವನೂ ಎತ್ತಲಿಲ್ಲ. ಜ್ಯೋತಿ ಆ ಫೋಟೊವನ್ನು 'ಚೊಕ್ಕ' ಮಾಡಲು ಒತ್ತಿದಳು. 'ಪಟ್ಟಿ ಈಗಾಗಲೇ ಕಳಿಸಲಾಗಿದೆ' ಎಂದು ಬಂತೇ ಹೊರತು ಏನೂ ಬದಲಾಗಲಿಲ್ಲ.

"ಜಯಕುಮಾರಪ್ಪ ನಮ್ ನಂಬರ್ ನೋಡಿದ್ರೆ ಎತ್ತಲ್ಲ. ನಿಂದಾದ್ರೆ ಎತ್ತಾನೆ. ಮಾಡು."

"ಆಫೀಸಿಗೆ ಹೋಗಿ..." ಎಂದಳು ಜ್ಯೋತಿ. ತಪ್ಪಾದರೆ ನಾಳೆಯಿಂದ ಮಗು ನೋಡಿಕೊಂಡು ಮನೆಯಲ್ಲೇ ಇರಿ ಎಂದು ಆತ ನಗುತ್ತಲೇ ಹೇಳಿದ್ದ. ಆ ನಗುವನ್ನು ಅವಳು ನಂಬಿರಲಿಲ್ಲ. ಈ ಕೆಲಸ ಹೋದರೆ ಬೆಳಗಿನಿಂದ ಸಂಜೆಯವರೆಗೆ ಅತ್ತೆಯ 'ನಾನ್ ಹೇಳ್ಲಿಲ್ವಾ' ಕೇಳುತ್ತ ಕೂರಬೇಕು.

"ಹೋಗಿ? ಅಷ್ಟೊತ್ತಿಗೆ ಹೆಣ ಎತ್ತಬೇಕಾಗ್ತದೆ ಕಣೇ! ನಿನ್ ಕೆಲ್ಸ ಉಳೀಲಿ ಅಂತ ನನ್ ಸೊಸೆ ಸಾಯ್ಬೇಕಾ?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಯಾವ ಮುಖದಲ್ಲೂ ಅವಳ ಮೇಲೆ ಕನಿಕರವಿರಲಿಲ್ಲ. ಜ್ಯೋತಿ ಜಯಕುಮಾರನ ನಂಬರ್ ಒತ್ತಿದಳು.

"ಏನ್ರೀ ಜ್ಯೋತಿ, ಇಷ್ಟೊತ್ತಿಗೇ?"

"ಸಾರ್, ನೀರು ಬಿಡಿಸ್ಬೇಡಿ. ನಾನು ಕೊಳೆ ಅಂತ ಹಾಕಿರೋದ್ರಲ್ಲಿ ಸೀಳಿರೋ ಪ್ಯಾನೆಲ್ ಇವೆ. ತಪ್ಪು ನಂದೇ."

ಆ ಕಡೆಯ ದನಿ ಗಡುಸಾಯಿತು. "ಎಷ್ಟಿವೆ ಹೇಳ್ರಿ. ಅಷ್ಟು ಬಿಟ್ಟು ಮಿಕ್ಕಿದ್ದು ತೊಳೀಲಿ."

"ಗೊತ್ತಿಲ್ಲ ಸಾರ್. ಇನ್ನೊಂದು ಫೋನಿಂದ ಗೇಟಿಗೆ ಹೇಳಿ ಎಲ್ಲಾನೂ ನಿಲ್ಸಿ. ನಿಲ್ಸಿದ್ರು ಅಂತ ನೀವು ಹೇಳೋವರ್ಗೂ ನಾನು ಫೋನ್ ಇಡಲ್ಲ."