ತೊಟ್ಟಿಲ ಕೋಣೆಯ ಹೊಗೆ

ಮಾನ್ವಿಯಲ್ಲಿ ನಾನು ಕೆಲಸಕ್ಕೆ ಸೇರಿದ ಶಿಶುವಿಹಾರ ಒಂದೇ ಕೋಣೆಯದು. ಮೊದಲು ಅದು ಜೋಳ ತುಂಬುವ ಗೋದಾಮಾಗಿತ್ತಂತೆ. ಕಲ್ಲಿನ ಗೋಡೆ, ಎತ್ತರದಲ್ಲೊಂದು ಸಣ್ಣ ಕಿಟಕಿ, ತೊಲೆಗಳಿಗೆ ಹಳೆಯ ಸೀರೆ ಕಟ್ಟಿ ಮಾಡಿದ ಏಳೆಂಟು ತೊಟ್ಟಿಲು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆ ನೀರು ಬಂದು ಸುತ್ತಲಿನ ಹೊಲಗಳು ಗದ್ದೆಗಳಾಗಿದ್ದವು. ಕೂಲಿ ಮನೆಗಳ ಹೆಂಗಸರು ಬೆಳಗಾಗುತ್ತಲೇ ನೆಲ್ಲು ಹಚ್ಚಲು ಹೋದರೆ ಬರುತ್ತಿದ್ದುದು ಹೊತ್ತು ಮುಳುಗುವಾಗ. ಅಲ್ಲಿಯತನಕ ಅವರ ಹಾಲುಗೂಸುಗಳು ನಮ್ಮ ಸುಪರ್ದಿಗೆ. ನಾನು ರಾಯಚೂರಿನ ಹುಡುಗಿ, ಇಪ್ಪತ್ತು ವರ್ಷ, ಕೂಸನ್ನು ಸರಿಯಾಗಿ ಎತ್ತಿಕೊಳ್ಳಲೂ ಬರುತ್ತಿರಲಿಲ್ಲ. ಎಲ್ಲರೂ ನನ್ನನ್ನು ಅಕ್ಕೋರು ಎಂದು ಕರೆಯುತ್ತಿದ್ದರೂ ಕೂಸುಗಳನ್ನು ಸಾಕುತ್ತಿದ್ದವಳು ಆಯಿ.

ಆಯಿ ದೇವದುರ್ಗದ ಕಡೆಯವಳು, ಅರವತ್ತು ದಾಟಿದ ವಿಧವೆ. ತಾನು ಹೆತ್ತವು ಯಾವುವೂ ಉಳಿದಿರಲಿಲ್ಲ. ಎಷ್ಟೇ ರಚ್ಚೆ ಹಿಡಿದ ಕೂಸು ಅವಳ ಮಡಿಲಿಗೆ ಹೋದರೆ ಸುಮ್ಮನಾಗುತ್ತಿತ್ತು. ಎರಡು ಕಾಲು ನೀಡಿ ಕೂತು, ಕಾಲ ಮೇಲೊಂದು ಕೂಸು, ಕೈಯಲ್ಲಿ ಒಂದು ತೊಟ್ಟಿಲಿನ ಹಗ್ಗ, ಬಾಯಲ್ಲಿ ಚುಟ್ಟಾ. ಹೊಗೆಸೊಪ್ಪನ್ನು ತಾನೇ ಸುರುಳಿ ಸುತ್ತಿ ಮಾಡಿಕೊಳ್ಳುತ್ತಿದ್ದಳು. ಅದನ್ನು ಸೇದುವ ರೀತಿ ನೋಡಿ ಮೊದಲ ದಿನ ನಾನು ಎದ್ದು ನಿಂತುಬಿಟ್ಟಿದ್ದೆ. ಉರಿಯುವ ತುದಿ ಬಾಯೊಳಗೆ, ಆರಿದ ತುದಿ ಹೊರಗೆ.

"ಆಯಿ, ನಾಲಿಗಿ ಸುಡಂಗಿಲ್ಲೇನು?"

"ಆಂಧ್ರದ ಕಡಿ ಕೂಲಿಗೆ ಹೋದಾಗ ಕಲತದ್ದು ಯವ್ವಾ. ಹಿಂಗ ಸೇದಿದ್ರ ಬೂದಿ ಕೂಸಿನ ಮ್ಯಾಗ ಬೀಳಂಗಿಲ್ಲ."

ಆ ಮಾತು ನನಗೆ ಪ್ರೀತಿಯ ಮಾತಾಗಿಯೇ ಕೇಳಿಸಿತು. ಹೊಗೆಯ ವಿಚಾರ ನಾನೂ ಮಾಡಲಿಲ್ಲ, ಅವಳೂ ಮಾಡಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಸೇದುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಸೇದುತ್ತಿದ್ದ. ಸೇದುವವರಿಗೆ ಕೆಮ್ಮು ಬರುತ್ತದೆ ಅನ್ನುವುದಷ್ಟೇ ಗೊತ್ತಿತ್ತು.

ಆದರೆ ಮಳೆಗಾಲ ಶುರುವಾಗಿ ಕಿಟಕಿ ಮುಚ್ಚಿದ ಮೇಲೆ ಕೋಣೆಯಲ್ಲಿ ಏನೋ ಬದಲಾಯಿತು. ಮಧ್ಯಾಹ್ನ ಕೂಸುಗಳೆಲ್ಲ ಮಲಗಿದಾಗ ಹೊಗೆ ತೊಲೆಗಳ ಕೆಳಗೆ, ಸರಿಯಾಗಿ ತೊಟ್ಟಿಲುಗಳ ಎತ್ತರಕ್ಕೆ ಪದರ ಕಟ್ಟಿ ನಿಲ್ಲುತ್ತಿತ್ತು. ಒಂದು ತೊಟ್ಟಿಲಿನಿಂದ ಕೆಮ್ಮು, ಆಮೇಲೆ ಇನ್ನೊಂದರಿಂದ. ನಾನು ಹಾಜರಿ ಬರೆಯುತ್ತಿದ್ದ ಲೆಕ್ಕಣಿಕೆ ಕೆಳಗಿಟ್ಟು ಕಿವಿಗೊಟ್ಟು ಕೂತಿರುತ್ತಿದ್ದೆ. ಕೆಮ್ಮು ನಿಂತರೆ ಸಮಾಧಾನವಾಗುವ ಬದಲು ಭಯವಾಗುತ್ತಿತ್ತು. ಎದ್ದು ಹೋಗಿ ಒಂದೊಂದೇ ಸೀರೆಯ ಅಂಚು ಸರಿಸಿ, ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ.

ಅವುಗಳಲ್ಲಿ ಹತ್ತು ತಿಂಗಳ ಹೆಣ್ಣುಗೂಸೊಂದಿತ್ತು. ಆಯಿಗೆ ಅದರ ಮೇಲೆ ವಿಶೇಷ ಮೋಹ. ದಿನವಿಡೀ ಅದು ಅವಳ ಕಾಲ ಮೇಲೇ ಇರುತ್ತಿತ್ತು. ಒಂದು ಸಂಜೆ ಅದರ ತಾಯಿ, ಕೆಸರುಗಾಲಲ್ಲೇ ಬಂದವಳು, ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದಳು.

"ಅಕ್ಕೋರ್ರಿ, ರಜಾ ದಿನ ಮನ್ಯಾಗ ಆರಾಮ ಇರ್ತದ. ಇಲ್ಲಿ ಬಿಟ್ಟ್ರ ಎದಿ ಗೊರ ಗೊರ ಅಂತದ. ಯಾಕಿರಬೇಕ್ರಿ?"

ನನಗೆ ಉತ್ತರ ಗೊತ್ತಿತ್ತು. ಆಯಿ ಅಲ್ಲೇ ಮೂಲೆಯಲ್ಲಿ ತೊಟ್ಟಿಲು ಬಿಚ್ಚಿ ಮಡಿಚುತ್ತಿದ್ದಳು. "ಮಳಿ ಹತ್ಯಾದಲ್ಲ, ಥಂಡಿ ಆಗಿರ್ತದ" ಅಂದುಬಿಟ್ಟೆ. ಆಯಿ ಕೆಲಸ ಬಿಟ್ಟುಹೋದರೆ ಅಷ್ಟು ಕೂಸುಗಳ ಜೊತೆ ನಾನೊಬ್ಬಳೇ ಉಳಿಯುತ್ತೇನೆ ಅನ್ನುವ ಹೆದರಿಕೆ ನನ್ನ ಬಾಯಿಂದ ಆ ಮಾತು ಆಡಿಸಿತ್ತು.

ಮುಂದಿನ ವಾರ ಮೂರು ದಿನ ಮಳೆ ಬಿಡಲಿಲ್ಲ. ಬಾಗಿಲನ್ನೂ ಮುಚ್ಚಿಕೊಂಡಿದ್ದೆವು. ಮೂರನೆಯ ದಿನ ಮಧ್ಯಾಹ್ನ ಆಯಿ "ಯವ್ವಾ, ಬಾ ಇಲ್ಲಿ" ಎಂದು ಮೆಲ್ಲಗೆ ಕರೆದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೂಸಿನ ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದವು. ತುಟಿ ನೇರಳೆ ಹಣ್ಣು ತಿಂದಂತೆ ಆಗಿತ್ತು. ಅಳಲೂ ಅದಕ್ಕೆ ಉಸಿರಿರಲಿಲ್ಲ.

ಗದ್ದೆಯಿಂದ ತಾಯಿಯನ್ನು ಕರೆಸಿ, ಇಬ್ಬರೂ ರಾಯಚೂರಿನ ಬಸ್ಸು ಹತ್ತಿದೆವು. ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಮುಂದಿನ ಸೀಟಿನವನು ಬೀಡಿ ಹಚ್ಚಿದ. "ಆರಸ್ರೀ ಅದನ್ನ! ಕೂಸು ಸಾಯಾಕತ್ಯಾದ!" ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವನು ಬೀಡಿಯನ್ನು ಚಪ್ಪಲಿಯಡಿ ಹೊಸಕಿದ. ಗುರುತಿಲ್ಲದವನಿಗೆ ಎಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ತಾಯಿ ದಾರಿಯುದ್ದಕ್ಕೂ ಕೂಸಿನ ಮೂಗಿನ ಹತ್ತಿರ ತನ್ನ ಬೆರಳು ಹಿಡಿದುಕೊಂಡೇ ಕೂತಿದ್ದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮೂಗಿಗೆ ಕೊಳವೆ ಹಾಕಿದರು. ಉಸಿರು ಒಂದು ಹದಕ್ಕೆ ಬಂದ ಮೇಲೆ ಡಾಕ್ಟರು ಕೂಸಿಗೆ ಸುತ್ತಿದ್ದ ಬಟ್ಟೆಯನ್ನು ಮೂಸಿ ನೋಡಿದರು. ಅವರ ಅಂಗಿಯ ಜೇಬಿನಲ್ಲೇ ಸಿಗರೇಟಿನ ಪಾಕೀಟಿತ್ತು.

"ಮನೆಯಲ್ಲಿ ಯಾರು ಸೇದ್ತಾರೆ?"

"ಯಾರೂ ಇಲ್ರೀ ಸಾಹೇಬ್ರ. ನನ್ನ ಗಂಡಗ ಆ ಚಟ ಇಲ್ರಿ," ಅಂದಳು ತಾಯಿ.

"ಸುಳ್ಳು ಹೇಳಬೇಡ. ಈ ಬಟ್ಟೆ ಹೊಗೆಸೊಪ್ಪಿನ ಚೀಲದ ಹಾಗೆ ನಾರ್ತಾ ಇದೆ. ಇದೇ ಹೊಗೆಯಲ್ಲಿಟ್ಟರೆ ಇನ್ನೊಂದು ಸಲ ಉಳಿಯೋದಿಲ್ಲ."

ಅವಳು ತಲೆ ತಗ್ಗಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ವೆರಾಂಡಕ್ಕೆ ಬಂದ ಮೇಲೆ ತಡೆಯಲಾಗದೆ, "ಅದು ನಮ್ಮ ಆಯಿ ಚುಟ್ಟಾದ್ದು. ನಾ ನಿನಗ ಅವತ್ತೇ ಹೇಳಬೇಕಿತ್ತು" ಅಂದೆ.

"ಗೊತ್ತದರೀ ಅಕ್ಕೋರ. ದಿನಾ ಸಂಜಿಮುಂದ ಇದರ ನೆತ್ತಿ ಮೂಸಿ ನೋಡ್ತಿದ್ನಿ. ಆಯಿ ಬಿಟ್ರ ನನ್ನ ಕೂಸಿಗಿ ಹಿಡಿಯೋರು ಯಾರದಾರ? ಅದಕ್ಕ ನಾನೂ ಬಾಯಿ ಮುಚ್ಚಿಕೊಂಡಿದ್ನಿ."

ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕೂಸು ಉಳಿಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ನಾನು ಮರುದಿನವೇ ಮಾನ್ವಿಗೆ ವಾಪಸಾದೆ. ಕಿಟಕಿ, ಬಾಗಿಲು ಎರಡನ್ನೂ ತೆಗೆದಿಟ್ಟು, ಆಯಿಯ ಎದುರು ನೆಲದ ಮೇಲೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಜಗಳಾಡುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಮಡಿಲನ್ನು ಕೈಯಿಂದ ಸವರಿಕೊಂಡಳು.

"ಬೂದಿ ಒಂದ ಚೂರೂ ಬೀಳಿಸಿಲ್ಲಲ್ಲ ಯವ್ವಾ ನಾನು."

ಅಂದಿನಿಂದ ಅವಳು ಕೋಣೆಯೊಳಗೆ ಸೇದಲಿಲ್ಲ. ಚಟ ತಡೆಯದಾದಾಗ ರಸ್ತೆಯಾಚೆಯ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದಳು. ಬಂದು ಬಾಯಿ ಮುಕ್ಕಳಿಸಿ, ಸೆರಗು ಒಗೆದುಕೊಂಡರೂ ಕೂಸುಗಳನ್ನು ಎತ್ತಿಕೊಳ್ಳಲು ಹಿಂದೆಗೆಯುತ್ತಿದ್ದಳು. ಅವು ಅವಳಿಗಾಗಿ ಅಳುತ್ತಿದ್ದವು, ಅವಳು ಗೋಡೆಗೆ ಒರಗಿ ನೋಡುತ್ತಿದ್ದಳು. ಆ ಹೆಣ್ಣುಗೂಸಿನ ತಾಯಿ ಮತ್ತೆ ಬರಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಗದ್ದೆಗೆ ಇಳಿಯುತ್ತಿದ್ದಾಳೆ ಎಂದು ಯಾರೋ ಹೇಳಿದರು. ಮುಂದೆ ಆ ಹುಡುಗಿ ಶಾಲೆಗೆ ಹೋಗುವುದನ್ನು ಕಂಡಿದ್ದೇನೆ. ಚಳಿಗಾಲದಲ್ಲಿ ಅರ್ಧ ದಾರಿಗೆ ನಿಂತು ಮೊಣಕಾಲಿಗೆ ಕೈಯೂರಿ ದಮ್ಮು ತೆಗೆದುಕೊಳ್ಳುತ್ತಿದ್ದಳು.

ಆಯಿಗೆ ಎಂಬತ್ತನೆಯ ಇಸವಿಯ ಬೇಸಿಗೆಯ ಹೊತ್ತಿಗೆ ಅಂಗುಳಿನಲ್ಲಿ ಹುಣ್ಣಾಯಿತು. ಬಾಯಿಯ ಮೇಲ್ಭಾಗದಲ್ಲಿ, ಬೆಂಕಿ ತಾಗುತ್ತಿದ್ದ ಜಾಗದಲ್ಲೇ. ಮೊದಲು ಖಾರ ಬಿಟ್ಟಳು, ಆಮೇಲೆ ರೊಟ್ಟಿ ಬಿಟ್ಟಳು. ರಾಯಚೂರಿಗೆ ಹೋಗೋಣ ಬಾ ಎಂದರೆ ಒಪ್ಪಲಿಲ್ಲ. ದೇವದುರ್ಗದಿಂದ ಅವಳ ತಮ್ಮನ ಮಗಳು ಬಂದು ಕರೆದುಕೊಂಡು ಹೋದಳು.

ದೀಪಾವಳಿಯ ರಜೆಯಲ್ಲಿ ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದು ನೋಡಲು ಹೋದೆ. ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದಳು. ಬಾಯಿಗೆ ಅಡ್ಡ ಬಟ್ಟೆ ಕಟ್ಟಿಕೊಂಡಿದ್ದಳು. ಮನೆಯಲ್ಲಿ ಒಂದು ಎಳೆಗೂಸಿತ್ತು. ಅದು ಅವಳ ಕಡೆ ತೆವಳುತ್ತ ಹೋದಾಗಲೆಲ್ಲ ಕೈಯಾಡಿಸಿ ದೂರ ಕಳಿಸುತ್ತಿದ್ದಳು. ನನ್ನನ್ನು ಹತ್ತಿರ ಕರೆದು, ಬಟ್ಟೆಯೊಳಗಿಂದಲೇ ಕೇಳಿದಳು. ಮಾತು ಕಲಸಿಹೋಗಿದ್ದರೂ ನನಗೆ ತಿಳಿಯಿತು.

"ನೀ ಬರೋಕ್ಕಿಂತ ಮದಲ ಎರಡು ಕೂಸು ಹೋದ್ವು ಯವ್ವಾ. ಎರಡೂ ಚಳಿಗಾಲದಾಗ. ಜ್ವರ ಬಂದಿತ್ತು ಅಂದ್ರು. ಅವೂ ನನ್ನ ಕಾಲ ಮ್ಯಾಗ ಮಲಗ್ತಿದ್ದವು. ಅದು ನನ್ನ ಹೊಗೀನಾ ಏನು?"

ಆ ಎರಡು ಕೂಸುಗಳ ವಿಚಾರ ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಹೊರಗೆ ಯಾರದೋ ಮನೆಯ ಪಟಾಕಿ ಸಿಡಿಯುತ್ತಿತ್ತು.

"ಜ್ವರ ಬಂದ್ರ ಯಾರ ಕೈಯಾಗ ಏನದ ಆಯಿ" ಅಂದೆ.

ಅವಳು ತಲೆ ಅಲ್ಲಾಡಿಸಿದಳು.

"ಥಂಡಿ ಅಂತ ಹೇಳಿದ್ದಿ ಅವತ್ತು ಆ ಕೂಸಿನ ಅವ್ವಗ. ಕೇಳಿಸಿತ್ತು ನನಗ," ಅಂದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಬಸ್ಸಿನ ಹೊತ್ತಾಗುವತನಕ ನಾನು ಅವಳ ಕಾಲು ಒತ್ತುತ್ತ ಕೂತಿದ್ದೆ. ಅವಳು ಮತ್ತೆ ಈ ಕಡೆ ತಿರುಗಲಿಲ್ಲ.