ಹಣೆಯ ಹಿಂದಿನ ಪೆಟ್ಟು

ಶೆಟ್ಟಿಹಳ್ಳಿಯ ಚಿಕ್ಕಹನುಮಯ್ಯ ಬಿದ್ದದ್ದು ೧೯೫೬ರ ಬೇಸಿಗೆಯಲ್ಲಿ. ಜಾಲಹಳ್ಳಿಯ ಕಡೆ ಕಾರ್ಖಾನೆಯವರಿಗೆ ಮನೆಗಳು ಏಳುತ್ತಿದ್ದ ಕಾಲ ಅದು. ಹೊಲ ಬಿಟ್ಟುಕೊಟ್ಟ ಅನೇಕರಂತೆ ಅವನೂ ಗಾರೆ ಕೆಲಸಕ್ಕೆ ಸೇರಿದ್ದ. ಒಂದು ಮಧ್ಯಾಹ್ನ ಗೋಡೆಗೆ ಕಟ್ಟಿದ್ದ ಸಾರುವೆಯ ಹಗ್ಗ ಸಡಿಲಿ, ಅವನು ನಿಂತಿದ್ದ ಹಲಗೆ ಜಾರಿತು. ಎರಡಾಳೆತ್ತರದಿಂದ ಮುಂದಕ್ಕೆ ಬಿದ್ದ. ಹಣೆ ಕಲ್ಲಿನ ರಾಶಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ಮೂರು ದಿನ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ಕಣ್ಣು ಬಿಟ್ಟು ನೀರು ಕೇಳಿದ. ತಿಂಗಳು ತುಂಬುವಷ್ಟರಲ್ಲಿ ನಡೆದುಕೊಂಡೇ ಊರಿಗೆ ಬಂದ. ಕೈಕಾಲು ಸರಿಯಾಗಿದ್ದವು, ಮಾತು ಸರಿಯಾಗಿತ್ತು, ಎಲ್ಲರ ಹೆಸರೂ ನೆನಪಿತ್ತು. ತಾಯಿ ಅಕ್ಕಯ್ಯಮ್ಮ ಮುನೇಶ್ವರನಿಗೆ ಕೋಳಿ ಕೊಯ್ಯಿಸಿದಳು. ಮಗ ಉಳಿದ ಎಂದು ಎಲ್ಲರೂ ಉಂಡು ಹೋದರು.

ಏನೋ ಸರಿಯಿಲ್ಲ ಎಂದು ಮೊದಲು ಅನ್ನಿಸಿದ್ದು ಹೆಂಡತಿ ಸೊಣ್ಣಮ್ಮನಿಗೆ. ಅವಳಿಗೆ ಆಗ ಇಪ್ಪತ್ತೆರಡು ವರ್ಷ. ಒಂದು ದಿನ ಸಾರು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಅವನು ಏನೂ ಅನ್ನದೆ ಎರಡು ಮುದ್ದೆ ನುಂಗಿ ಎದ್ದ. ಬಾಯಿ ರುಚಿಯಲ್ಲಿ ತುಂಬ ಕಟ್ಟುನಿಟ್ಟಿನ ಮನುಷ್ಯ ಅವನು. ನೋವಿರಬೇಕು ಎಂದುಕೊಂಡು ಅವಳು ಪಾತ್ರೆ ಉಜ್ಜಲು ಕೂತಳು.

ಆಮೇಲೆ ಬೇರೆ ಬೇರೆ ಬದಲಾವಣೆಗಳು ಕಾಣತೊಡಗಿದವು. ಎತ್ತಿಗೂ ಗದರದಿದ್ದವನು ಈಗ ಬಾಗಿಲಲ್ಲಿ ನಿಂತವರಿಗೆಲ್ಲ ಕೆಟ್ಟ ಮಾತಾಡುತ್ತಿದ್ದ. ಆಡಿದ ಮರುಗಳಿಗೆಯೇ ಮರೆತು ನಗುತ್ತಿದ್ದ. ಪಕ್ಕದವರ ಜೇಬಿನಿಂದ ಬೀಡಿ ತೆಗೆದು ಹಚ್ಚುತ್ತಿದ್ದ. ಯಾರೂ ಏಳು ಅನ್ನದಿದ್ದರೆ ಹೊತ್ತು ಮುಳುಗುವ ತನಕ ಜಗಲಿಯ ಮೇಲೆ ಒಂದೇ ಕಡೆ ಕೂತಿರುತ್ತಿದ್ದ. ಕೆಲಸಕ್ಕೆ ಕಳಿಸಿದರೆ ಮೂರು ಸಾಲು ಇಟ್ಟಿಗೆ ಕಟ್ಟಿ, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತಿದ್ದ.

ಮೇಸ್ತ್ರಿ ರಾಮಕೃಷ್ಣಪ್ಪ ಒಂದು ದಿನ ಅವನನ್ನು ಕರೆದುಕೊಂಡು ಬಂದು ಮನೆಯ ಮುಂದೆ ಬಿಟ್ಟ.

"ಏನೂ ಆಗಿಲ್ಲ ಕಣಮ್ಮ ಇವ್ನಿಗೆ. ಗಾಯ ಮಾಯ್ತು, ಮೈ ಗಟ್ಟಿಗೈತೆ. ಕೊಬ್ಬು ಅಷ್ಟೆ. ನಾಳೆಯಿಂದ ಕಳಿಸ್ಬೇಡ."

ಅತ್ತೆ ಬೇರೆಯದೇ ಹೇಳಿದಳು. "ನಿನ್ನ ಕಾಲ್ಗುಣ ಕಣೇ. ನನ್ ಮಗ ಇಂಗಿರ್ಲಿಲ್ಲ."

ಮಂತ್ರ ಹಾಕಿಸಿದರು, ತಾಯತ ಕಟ್ಟಿಸಿದರು. ಸೊಣ್ಣಮ್ಮ ಕಾರ್ಖಾನೆಯ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು. ಮೊದಲ ವರ್ಷ ಅವನು ಬೈದಾಗಲೆಲ್ಲ ಹಿತ್ತಿಲಿಗೆ ಹೋಗಿ ಅಳುತ್ತಿದ್ದಳು. ಎರಡನೆಯ ವರ್ಷ ಅಳು ಬರಲಿಲ್ಲ. ಮಗಳು ಗಂಗರತ್ನ ಹುಟ್ಟಿದಾಗ ಅವನು ಕೂಸನ್ನು ನೋಡಿ, "ಊಟ ಆಯ್ತಾ?" ಎಂದಷ್ಟೇ ಕೇಳಿದ. ಅದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಮಾತ್ರ ಗೊತ್ತಿತ್ತು.

೧೯೬೧ರಲ್ಲಿ ಒಂದು ಬೆಳಿಗ್ಗೆ ಅವಳು ಕೆಲಸ ಮುಗಿಸಿ ಬರುವಾಗ ಮನೆಯ ಬಾಗಿಲಿಂದ ಹೊಗೆ ಬರುತ್ತಿತ್ತು. ಒಲೆಯ ಕೆಂಡ ಸಿಡಿದು ಮೂಲೆಯ ಗೋಣಿಚೀಲಗಳು ಹೊತ್ತಿಕೊಂಡಿದ್ದವು. ಎರಡು ಮಾರು ದೂರದ ಚಾಪೆಯ ಮೇಲೆ ಮಗು ಮಲಗಿ ಕೆಮ್ಮುತ್ತಿತ್ತು. ಚಿಕ್ಕಹನುಮಯ್ಯ ಹೊಸಿಲ ಬಳಿ ಒಳಕ್ಕೆ ಬೆನ್ನು ಮಾಡಿ ಕೂತಿದ್ದ. ಅವಳು ಮಗುವನ್ನು ಎತ್ತಿ ಹೊರಗೆ ತಂದಳು, ಕೊಡದ ನೀರು ಸುರಿದು ಬೆಂಕಿ ಆರಿಸಿದಳು.

"ಸುಟ್ಟ ವಾಸ್ನೆ ಗೊತ್ತಾಗ್ಲಿಲ್ವಾ ನಿಮ್ಗೆ?"

"ಯಾವ ವಾಸ್ನೆ?" ಎಂದ. ಅದು ಮೊಂಡುತನವಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಆ ಮಾತನ್ನು ಅವಳು ಕಾರ್ಖಾನೆಯ ದವಾಖಾನೆಯ ಕಂಪೌಂಡರಿಗೆ ಹೇಳಿದಳು. ಅವರು ಬಿದ್ದ ಕತೆಯನ್ನೆಲ್ಲ ಕೇಳಿ ಒಂದು ಚೀಟಿ ಬರೆದುಕೊಟ್ಟರು. ಹೊಸೂರು ರಸ್ತೆಯ ಆಸ್ಪತ್ರೆಗೆ. ಊರಿನವರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. ಅತ್ತೆಗೆ ಹೇಳದೆ, ಯಶವಂತಪುರದ ತನಕ ನಡೆದು, ಬಸ್ಸು ಹತ್ತಿಸಿ ಕರೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಅವನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಕಾಫಿಪುಡಿ ಹಿಡಿದರು, ಲವಂಗ ಹಿಡಿದರು. ಎರಡಕ್ಕೂ ಅವನು ಗೊತ್ತಿಲ್ಲ ಎಂದ. ನೂರರಿಂದ ಏಳೇಳು ಕಳೆಯಲು ಹೇಳಿದರು. ಎರಡು ಸಲ ಕಳೆದು ಕಿಟಕಿ ನೋಡುತ್ತ ಕೂತ. ಮತ್ತೆ ಸೊಣ್ಣಮ್ಮನನ್ನು ಕೂರಿಸಿ ಅವನು ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಎಂದು ಕೇಳಿದರು. ಐದು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳು ಕೆಟ್ಟ ಮಾತುಗಳನ್ನೂ ಬಿಡದೆ ಎಲ್ಲ ಹೇಳಿದಳು.

"ನೋಡಮ್ಮ," ಎಂದು ಅವರು ತಮ್ಮ ಹಣೆ ಮುಟ್ಟಿ ತೋರಿಸಿದರು. "ಇದರ ಹಿಂದೆ ಇರೋ ಮೆದುಳು ಜಜ್ಜಿಹೋಗಿದೆ. ನಡೆಯೋದು, ಮಾತಾಡೋದು ಬೇರೆ ಕಡೆ ಇರುತ್ತೆ, ಅದಕ್ಕೆ ಏನೂ ಆಗಿಲ್ಲ. ಎಲ್ಲಿ ಏನಾಡಬೇಕು, ಯಾವಾಗ ಎದ್ದು ಕೆಲಸ ಮಾಡಬೇಕು ಅನ್ನೋದೆಲ್ಲ ಇಲ್ಲಿದೆ. ವಾಸನೆಯ ನರಗಳೂ ಇದರ ಕೆಳಗೇ ಇವೆ. ಅವರು ಬೇಕು ಅಂತ ಮಾಡ್ತಿಲ್ಲ."

"ವಾಸಿಯಾಗ್ತದಾ ಸಾರ್?"

"ಆಗೋದು ಮೊದಲ ಒಂದೆರಡು ವರ್ಷದಲ್ಲೇ ಹೆಚ್ಚು. ಇನ್ನು ಇಷ್ಟೇ ಅಂತ ಇಟ್ಕೊಳ್ಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಒಲೆ ಹತ್ತಿರ ಒಬ್ಬರನ್ನೇ ಬಿಡಬೇಡಿ."

ಅವಳು ಮತ್ತೆ ಕೇಳಿದಳು. "ನಮ್ ಮೇಲೆ ಪ್ರೀತಿ ಇಲ್ದೆ ಇಂಗಾಡ್ತಾರೆ ಅಂದ್ಕೊಂಡಿದ್ದೆ. ಒಳಗಡೆ ಇರ್ತದಾ?"

"ಗೊತ್ತಿಲ್ಲಮ್ಮ," ಎಂದರು.

ಬಸ್ಸಿನಲ್ಲಿ ಅವನು ಪಕ್ಕದವನ ಹೆಗಲಿಗೆ ಒರಗಿ ನಿದ್ದೆ ಹೋದ. ಸೊಣ್ಣಮ್ಮ ಅವನನ್ನು ತನ್ನ ಕಡೆಗೆ ಎಳೆದುಕೊಂಡಳು. ಖುಷಿಯಾಗಲಿಲ್ಲ, ದುಃಖವೂ ಆಗಲಿಲ್ಲ. ಸಿಟ್ಟು ಇದ್ದ ಜಾಗ ಖಾಲಿಯಾಗಿತ್ತು. ಅಲ್ಲಿಗೆ ಬೇರೇನೂ ಬರಲಿಲ್ಲ.

ಡಾಕ್ಟರು ಹೇಳಿದಂತೆ ಮಾಡಿದಳು. ಏಳಿ ಅಂದಳು, ಎದ್ದ. ಬಿಂದಿಗೆ ತಗೊಳ್ಳಿ ಅಂದಳು, ತಗೊಂಡ. ಬಾವಿಗೆ ಬಂದು ನೀರು ಸೇದಿ ಅಂದಳು, ಸೇದಿದ. ಹೀಗೆ ಅವನಿಂದ ಮನೆಗೆ ನೀರು ಬರತೊಡಗಿತು, ಹಿತ್ತಿಲಲ್ಲಿ ಸೊಪ್ಪು ಬೆಳೆಯಿತು. ಬೈಗುಳ ನಿಲ್ಲಲಿಲ್ಲ. ಅವಳು ಅದನ್ನು ಬೀದಿಯ ಗದ್ದಲದಂತೆ ಕೇಳಿಸಿಕೊಳ್ಳುತ್ತಿದ್ದಳು.

೧೯೬೭ರಲ್ಲಿ ಅಕ್ಕಯ್ಯಮ್ಮ ತೀರಿಕೊಂಡಳು. ಹೆಣ ಅಂಗಳದಲ್ಲಿರುವಾಗಲೇ ಚಿಕ್ಕಹನುಮಯ್ಯ ಗಟ್ಟಿಯಾಗಿ, "ಇವತ್ತು ಮುದ್ದೆ ಮಾಡಾಕಿಲ್ವಾ?" ಎಂದು ಕೇಳಿದ. ಹೆಂಗಸರು ಅಳು ನಿಲ್ಲಿಸಿದರು. ಊರಿನ ಹಿರಿಯ ಮುನಿಶಾಮಪ್ಪ, "ಹೆತ್ತ ತಾಯಿ ಹೆಣದ ಮುಂದೆ ಆಡೋ ಮಾತೇನೋ ಇದು?" ಎಂದು ಎದ್ದುಬಂದ.

ಸೊಣ್ಣಮ್ಮ ನಡುವೆ ನಿಂತಳು. ಹತ್ತು ವರ್ಷದಲ್ಲಿ ಗಂಡಸರ ಮುಂದೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

"ಅವ್ರಿಗೆ ಪೆಟ್ಟಾಗೈತೆ ದೊಡ್ಡಪ್ಪ. ಕಾಲು ಮುರಿದಿದ್ರೆ ನೀವೇ ಎತ್ಕೊಂಡು ಓಗ್ತಿದ್ರಿ. ತಲೆ ಒಳಗೆ ಮುರಿದೈತೆ, ಕಾಣಾಕಿಲ್ಲ ಅಷ್ಟೆ. ಬಿಡಿ."

ಮುನಿಶಾಮಪ್ಪ ಹಿಂದೆ ಸರಿದ. ಹೂಳುವ ಗುಂಡಿಯ ಹತ್ತಿರ ಅವಳೇ ಗಂಡನ ಪಕ್ಕ ನಿಂತಳು. ಹೆಂಗಸರು ಅಲ್ಲಿಗೆ ಬರಬಾರದೆಂದು ಯಾರೋ ಗೊಣಗಿದರು, ಯಾರೂ ತಡೆಯಲಿಲ್ಲ.

"ಮಣ್ಣು ತಗೊಳ್ಳಿ," ಎಂದಳು. ತಗೊಂಡ. "ಆಕಿ." ಹಾಕಿದ. ಅವಳು ಹೇಳದಿದ್ದರೂ ಮತ್ತೆ ಬಗ್ಗಿ ಹಿಡಿ ತುಂಬಿ ಹಾಕಿದ, ಮತ್ತೆ ಹಾಕಿದ. ಶಾಸ್ತ್ರದ ಮೂರು ಹಿಡಿ ಮುಗಿದರೂ ನಿಲ್ಲಿಸಲಿಲ್ಲ. ಅವಳು ಬೇಕೆಂದೇ ಸ್ವಲ್ಪ ಹೊತ್ತು ತಡೆದು, ಆಮೇಲೆ "ಸಾಕು" ಎಂದಳು.